ಉಬ್ಬರವಿಳಿತದ ಪಟ್ಟಿ ಹಿಡಿದು ಬ್ರಿಟನಿ ಸುತ್ತಿದ್ದು

ಫ್ರಾನ್ಸಿನ ವಾಯವ್ಯ ಮೂಲೆಯಲ್ಲಿ ಅಟ್ಲಾಂಟಿಕ್ ಸಾಗರದೊಳಕ್ಕೆ ಚಾಚಿಕೊಂಡಿರುವ ಬ್ರಿಟನಿ ಪ್ರಾಂತ್ಯಕ್ಕೆ ಹೊರಡುವುದೆಂದು ನಿಶ್ಚಯವಾದ ಮೇಲೆ ನಾನು ಮೊದಲು ತೆರೆದು ನೋಡಿದ್ದು ಸಾಂ ಮಾಲೋ ಬಂದರಿನ ಉಬ್ಬರವಿಳಿತದ ಪಟ್ಟಿಯನ್ನು. ರೈಲು ಮತ್ತು ಹೋಟೆಲುಗಳನ್ನು ಕಾಯ್ದಿರಿಸಿದ್ದು ಆಮೇಲೆ. ಆ ಕರಾವಳಿಯಲ್ಲಿ ಏನನ್ನು ಯಾವಾಗ ನೋಡಬಹುದು ಎಂಬುದನ್ನು ಕಡಲೇ ತೀರ್ಮಾನಿಸುವುದರಿಂದ, ಈ ಕ್ರಮವನ್ನೇ ಅನುಸರಿಸಿರೆಂದು ಹೋಗಲಿರುವವರಿಗೆಲ್ಲ ಹೇಳುತ್ತೇನೆ.

ನಮ್ಮ ಮಂಗಳೂರಿನ ಕಡಲಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ನೀರಿನ ಮಟ್ಟದಲ್ಲಿ ಹೆಚ್ಚೆಂದರೆ ಆಳೆತ್ತರದಷ್ಟು ವ್ಯತ್ಯಾಸವಿರುತ್ತದೆ. ಸಾಂ ಮಾಲೋದಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ಅದು 12 ಮೀಟರನ್ನು ದಾಟುತ್ತದೆ. ಸಾಗರದಿಂದ ನುಗ್ಗಿ ಬರುವ ನೀರು ಪೂರ್ವದಲ್ಲಿರುವ ನಾರ್ಮಂಡಿಯ ಭೂಚಾಚಿಗೆ ತಡೆದು, ಕೊಲ್ಲಿಯಲ್ಲೇ ಒತ್ತೊತ್ತಾಗಿ ಏರುವುದು ಇದಕ್ಕೆ ಕಾರಣ. ಫ್ರೆಂಚರ ಪಟ್ಟಿಯಲ್ಲಿ ಪ್ರತಿದಿನದ ಉಬ್ಬರದ ಬಲವನ್ನು 20ರಿಂದ 120ರವರೆಗಿನ ಒಂದು ಅಂಕಿಯಲ್ಲಿ ಸೂಚಿಸಿರುತ್ತಾರೆ; ಹುಣ್ಣಿಮೆ ಅಮಾವಾಸ್ಯೆಗಳು ಕಳೆದು ಒಂದೆರಡು ದಿನಕ್ಕೆ ಆ ಅಂಕಿ ಏರುತ್ತದೆ. ಸಾಂ ಮಾಲೋದಲ್ಲಿ ಅಂಥ ದಿನಗಳ ದೊಡ್ಡ ಇಳಿತ ಮಧ್ಯಾಹ್ನದ ಹೊತ್ತಿಗೆ ಬೀಳುತ್ತದೆ. ನಾನು ಹುಣ್ಣಿಮೆಯ ಮರುದಿನ ಆ ಊರು ಸೇರುವಂತೆ ಹೊಂದಿಸಿಕೊಂಡೆ. ಪ್ಯಾರಿಸ್ಸಿನ ಮೋಂಪಾರ್ನಾಸ್ ನಿಲ್ದಾಣದಿಂದ ಹೊರಡುವ ವೇಗದ ರೈಲಿನಲ್ಲಿ ಎರಡೂವರೆ ಗಂಟೆಯೊಳಗಿನ ದಾರಿ.

ಬೆಳಗಿನ ಉಬ್ಬರದಲ್ಲಿ ಕೋಟೆಗೋಡೆಯ ಮೇಲೆ ನಿಂತಾಗ ಬುಡಕ್ಕೆ ಅಪ್ಪಳಿಸುವ ನೀರು ಮಾತ್ರ ಕಾಣುತ್ತಿತ್ತು. ಅದೇ ಜಾಗದಲ್ಲಿ ಮಧ್ಯಾಹ್ನ ಮರಳು ಹರಡಿಕೊಂಡಿತ್ತು. ಅಲೆಗಳ ಹೊಡೆತ ತಡೆಯಲು ದಂಡೆಯುದ್ದಕ್ಕೂ ನೆಟ್ಟಿರುವ ಓಕ್ ಮರದ ಕಂಬಗಳು ಪಾಚಿ, ಚಿಪ್ಪುಗಳನ್ನು ಮೆತ್ತಿಕೊಂಡು ಸಾಲಾಗಿ ಎದ್ದು ನಿಂತಿದ್ದವು. ಆಗ ಗ್ರಾಂ ಬೇ ಎಂಬ ನಡುಗಡ್ಡೆಗೆ ಕಲ್ಲುಹಾಸಿನ ಮೇಲೆ ನಡೆದೇ ಹೋಗಬಹುದು. ಇದೇ ಊರಿನಲ್ಲಿ 1768ರಲ್ಲಿ ಹುಟ್ಟಿದ ಲೇಖಕ ಶಾತೊಬ್ರಿಯಾಂನ ಸಮಾಧಿ ಅಲ್ಲಿ ಕಡಲಿಗೆ ಮುಖಮಾಡಿಕೊಂಡಿದೆ. ನೀರು ಮರಳಿ ಏರಲು ತೊಡಗಿದರೆ ಕಲ್ಲುಹಾಸು ಬೇಗನೆ ಮುಳುಗುವುದರಿಂದ, ಹಿಂದಿರುಗುವ ವೇಳೆಯನ್ನು ಹೋಗುವ ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಗೋಡೆಯೊಳಗಿನ ಊರನ್ನು ನೋಡಿದವರು ಅದು ಶತಮಾನಗಳಿಂದ ಹಾಗೆಯೇ ಉಳಿದುಬಂದಿದೆ ಎಂದು ತಿಳಿಯುವುದು ಸಹಜ. ವಾಸ್ತವವಾಗಿ 1944ರ ಆಗಸ್ಟಿನ ಬಾಂಬ್ ದಾಳಿ ಮತ್ತು ಬೆಂಕಿಯಲ್ಲಿ ಅದರ ಬಹುಭಾಗ ನಾಶವಾಯಿತು. ಜನ ಹಟತೊಟ್ಟು ಹಳೆಯ ರೂಪದಲ್ಲೇ ಗ್ರಾನೈಟಿನಿಂದ ಮರಳಿ ಕಟ್ಟಿದರು. ಈ ಸಂಗತಿ ತಿಳಿದ ಮೇಲೆ ಆ ಬೀದಿಗಳ ಮೇಲಿನ ನನ್ನ ಗೌರವ ಇಮ್ಮಡಿಯಾಯಿತು. 1746ರಲ್ಲಿ ಮದರಾಸನ್ನು ಬ್ರಿಟಿಷರಿಂದ ವಶಪಡಿಸಿಕೊಂಡ ಮಾಹೆ ದ ಲಾ ಬೂರ್ದೊನೆ ಕೂಡ ಇದೇ ಊರಿನವನು. ಸಾಂ ಮಾಲೋದಿಂದ ದಿನಾರ್ ಎಂಬ ಊರಿಗೆ ಹೋಗುವ ರಸ್ತೆ ರಾನ್ಸ್ ನದಿಯ ಅಣೆಕಟ್ಟಿನ ಮೇಲೆಯೇ ಹಾದುಹೋಗುತ್ತದೆ. ಉಬ್ಬರವಿಳಿತದಿಂದ ವಿದ್ಯುತ್ ತೆಗೆಯುವ 240 ಮೆಗಾವ್ಯಾಟಿನ ಈ ಸ್ಥಾವರ 1966ರಿಂದ ನಡೆಯುತ್ತಿದೆ.

ಊಟದ ವಿಷಯದಲ್ಲಿ ಬ್ರಿಟನಿ ಸಸ್ಯಾಹಾರಿಗಳಿಗೆ ಕಷ್ಟವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಮೀನು, ಸಿಂಪಿಗಳೇ ಅಲ್ಲಿನ ಹೆಸರಾಂತ ಆಹಾರ ಎಂಬುದು ನಿಜ. ಕಾಂಕಾಲ್ ಎಂಬ ಊರಿನ ಸಿಂಪಿ ತಿನ್ನಲೆಂದೇ ಜನ ದೂರದಿಂದ ಬರುತ್ತಾರೆ. ಆದರೆ ಬಕ್‌ವೀಟ್ ಎಂಬ ಕಾಳಿನ ಹಿಟ್ಟಿಗೆ ನೀರು ಮತ್ತು ಉಪ್ಪು ಸೇರಿಸಿ ಮಾಡುವ ಗಾಲೆಟ್ ಎಲ್ಲ ಊರುಗಳಲ್ಲೂ ಸಿಗುತ್ತದೆ. ದುಂಡನೆಯ ಅಗಲವಾದ ಕಬ್ಬಿಣದ ಕಾವಲಿಗೆ ಹಿಟ್ಟು ಹೊಯ್ದು, ಮರದ ಚಿಕ್ಕ ಹಲಗೆಯನ್ನು ಮಣಿಕಟ್ಟಿನ ಒಂದೇ ಸುತ್ತಿನಲ್ಲಿ ತಿರುಗಿಸಿ ತೆಳ್ಳಗೆ ಹರಡುವುದನ್ನು ನೋಡಿದರೆ ದೋಸೆ ಹೊಯ್ಯುವವರ ಕೈಯೇ ನೆನಪಾಗುತ್ತದೆ. ಅಂಚು ಗರಿಗರಿಯಾಗಿ ಕಂದಿದ ಮೇಲೆ ಉಪ್ಪು ಬೆರೆಸಿದ ಬೆಣ್ಣೆ ಸವರಿ, ಚೀಸ್ ಮತ್ತು ಅಣಬೆ ಇಟ್ಟು, ನಾಲ್ಕು ಬದಿಯಿಂದ ಮಡಚಿ ಕೊಡುತ್ತಾರೆ. ಎರಡು ಮಾತುಗಳನ್ನು ಮೊದಲೇ ಕೇಳಿಕೊಳ್ಳಬೇಕು: 'ಕೊಂಪ್ಲೆತ್' ಎಂದರೆ ಅದರಲ್ಲಿ ಹಂದಿಮಾಂಸವೂ ಮೊಟ್ಟೆಯೂ ಇರುತ್ತವೆ; ಕಾವಲಿಗೆ ಹಂದಿಯ ಕೊಬ್ಬು ಸವರುವ ಹಳೆಯ ರೂಢಿಯನ್ನು ಕೆಲವರು ಉಳಿಸಿಕೊಂಡಿದ್ದಾರೆ. ಬೆಣ್ಣೆಯನ್ನೇ ಬಳಸಿರೆಂದು ಕೇಳಿದಾಗ ಯಾರೂ ನನಗೆ ಇಲ್ಲವೆನ್ನಲಿಲ್ಲ.

ದಕ್ಷಿಣ ಕರಾವಳಿಯ ಕಾರ್ನಾಕ್‌ನಲ್ಲಿ ಶಿಲಾಯುಗದ ಜನ ನಿಲ್ಲಿಸಿದ ಸುಮಾರು 3,000 ಕಲ್ಲುಗಳು ಸಾಲುಸಾಲಾಗಿವೆ. 2025ರಲ್ಲಿ ಇವು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬೇಸಿಗೆಯಲ್ಲಿ ಮಾರ್ಗದರ್ಶಿಯೊಂದಿಗೆ ಮಾತ್ರ ಸಾಲುಗಳ ನಡುವೆ ನಡೆಯಲು ಬಿಡುವುದರಿಂದ, ನಡೆದೇ ನೋಡಬೇಕೆನ್ನುವವರಿಗೆ ಚಳಿಗಾಲದ ತಿಂಗಳುಗಳು ಅನುಕೂಲ.

ಪ್ರವಾಸಿಗರು ಸಾಮಾನ್ಯವಾಗಿ ಕೈಬಿಡುವ ಲೋರಿಯಾಂ ನಗರಕ್ಕೆ ಭಾರತೀಯರು ಹೋಗಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. 1664ರಲ್ಲಿ ಸ್ಥಾಪನೆಯಾದ ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಗಾಗಿಯೇ ಹುಟ್ಟಿದ ಬಂದರು ಅದು. ಎರಡನೆಯ ಮಹಾಯುದ್ಧದ ಬಾಂಬುಗಳಿಂದ ಹಳೆಯ ನಗರ ಅಳಿದುಹೋಯಿತು. ಆದರೆ ಎದುರು ದಡದ ಪೋರ್ ಲೂಯಿ ಕೋಟೆಯಲ್ಲಿ ಆ ಕಂಪನಿಯ ಸಂಗ್ರಹಾಲಯವಿದೆ. ದೋಣಿಯಲ್ಲಿ ಸ್ವಲ್ಪ ಹೊತ್ತಿನಲ್ಲೇ ತಲುಪಬಹುದು. ಹಡಗುಗಳ ಮಾದರಿಗಳನ್ನೂ ನಮ್ಮ ನೇಕಾರರ ಹತ್ತಿಬಟ್ಟೆಗಳನ್ನೂ ಒಂದೇ ಸೂರಿನಡಿ ನೋಡುತ್ತ, ನಾವು ಶಾಲೆಯಲ್ಲಿ ಓದಿದ ಚರಿತ್ರೆಯ ಇನ್ನೊಂದು ದಡದಲ್ಲಿ ನಿಂತಿದ್ದೇನೆ ಎನಿಸಿ ನನಗೆ ಮನಸ್ಸು ತುಂಬಿ ಬಂತು. ಮೈಸೂರಿನ ಪಾಲೂ ಈ ಕರಾವಳಿಯಲ್ಲಿದೆ. ಟಿಪ್ಪು ಸುಲ್ತಾನನು ಕಳುಹಿಸಿದ ಮೂವರು ರಾಯಭಾರಿಗಳು 1788ರ ಆಗಸ್ಟಿನಲ್ಲಿ ವರ್ಸೈ ಅರಮನೆಯಲ್ಲಿ ಫ್ರೆಂಚ್ ದೊರೆ ಹದಿನಾರನೆಯ ಲೂಯಿಯನ್ನು ಕಂಡು, ಬಯಸಿದ ಸೈನಿಕ ನೆರವು ಸಿಗದೆ, ಬ್ರಿಟನಿಯ ಪಶ್ಚಿಮ ತುದಿಯ ಬ್ರೆಸ್ಟ್ ಬಂದರಿನಲ್ಲಿ ಊರಿನ ಹಡಗು ಹತ್ತಿದರು. ಎರಡನೆಯ ಮಹಾಯುದ್ಧದಲ್ಲಿ ಆ ನಗರವೂ ನೆಲಸಮವಾಯಿತಾದರೂ ಬಂದರಿನ ಮೇಲಿನ ಹಳೆಯ ಕೋಟೆ ಉಳಿದಿದೆ ಮತ್ತು ಅದರೊಳಗೆ ನೌಕಾ ಸಂಗ್ರಹಾಲಯವಿದೆ. ಕನ್ನಡಿಗರು ಬ್ರಿಟನಿಗೆ ಹೋದರೆ ಅದಕ್ಕಾಗಿ ಒಂದು ದಿನವನ್ನು ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.