ಯಾಂಬಿಯೋ ಹುಡುಗ್ರು, ರಾತ್ರಿ ಜೇನು: ನನ್ನ ಅನುಭವ

"ಬಂದೂಕು ಬಿಟ್ಟು ಬಂದ ಮಕ್ಕಳಿಗೆ ಜೇನುಪೆಟ್ಟಿಗೆ ಕೊಡ್ತೀಯಾ, ತಲೆ ಸರಿ ಇದ್ಯಾ ಮಾರಾಯಾ?" ಅಂತ ರಾಜಧಾನಿ ಜುಬಾದಲ್ಲಿದ್ದ ನಮ್ಮ ಸಂಸ್ಥೆ ಆಫೀಸಿಂದ ಹಿಡ್ದು ಶಿರಸಿಲಿರೋ ನಮ್ಮ ಮಾವನವರೆಗೂ ಎಲ್ರೂ ಕೇಳಿದ್ರು. ಮಾವ ನಲವತ್ತು ವರ್ಷ ತುಡುವೆ (ನಮ್ಮ ಕಡೆ ಪೆಟ್ಟಿಗೆ ಜೇನು) ಸಾಕಿದೋರು, ಅವ್ರೇ ಆಗಲ್ಲ ಅಂದಾಗ ನಂಗೂ ಸ್ವಲ್ಪ ಅಳುಕಿತ್ತು. ಈಗ ಯಾರೂ ಕೇಳಲ್ಲ, ಅದಕ್ಕೇ ಬರೀತಿದೀನಿ.

ಜಾಗ ದಕ್ಷಿಣ ಸುಡಾನಿನ ಯಾಂಬಿಯೋ, ಕಾಂಗೋ ಗಡಿ ಹತ್ರ, ಜಾಂಡೆ ಜನರ ಊರು. ಮಳೆ, ಮಾವು, ಮರಗೆಣಸು, ಶೇಂಗಾ ನೋಡಿದ್ರೆ ನಮ್ಮ ಕಡೆಗೇ ಬಂದ ಹಾಗಾಗತ್ತೆ. ಎಲ್‌ಆರ್‌ಎ (ಉಗಾಂಡಾ ಮೂಲದ ಬಂಡುಕೋರ ಪಡೆ) ದಾಳಿ ಜೋರಿದ್ದಾಗ ಊರವ್ರೇ ಬಿಲ್ಲು ಬಾಣ, ನಾಡಬಂದೂಕು ಹಿಡ್ಕೊಂಡು 'ಆರೋ ಬಾಯ್ಸ್' ಅಂತ ಕಾವಲು ಪಡೆ ಕಟ್ಟಿದ್ರು, ಆಮೇಲೆ ಅದ್ರಲ್ಲಿ ಒಂದಷ್ಟು ಜನ ಸರ್ಕಾರದ ವಿರುದ್ಧನೇ ತಿರುಗಿ ಬಿದ್ರು, ಮಕ್ಕಳೂ ಜೊತೆಗೆ ಹೋದ್ವು. 2018ರ ಫೆಬ್ರವರಿ 7ಕ್ಕೆ ಮುನ್ನೂರಕ್ಕೂ ಹೆಚ್ಚು ಮಕ್ಕಳನ್ನ ಬಿಡುಗಡೆ ಮಾಡಿದ್ರು, ಅದ್ರಲ್ಲಿ 87 ಹುಡುಗಿಯರು. ಏಪ್ರಿಲ್‌ನಲ್ಲಿ ಇನ್ನೂ ಇನ್ನೂರು ಚಿಲ್ಲರೆ. ಸಣ್ಣವ್ರು ಶಾಲೆಗೆ ಹೋದ್ರು. ಹದಿನಾರು ಹದಿನೇಳರವ್ರು ನಮ್ಮ ತರಬೇತಿಗೆ.

ಮೊದಲು ಸೋತಿದ್ದು ಹೇಳ್ಬಿಡ್ತೀನಿ. ಎಲ್ಲರ ಹಾಗೆ ನಾವೂ ಶುರು ಮಾಡಿದ್ದು ಹೊಲಿಗೆಯಿಂದ. 24 ಮಿಷಿನ್ನು, ಸಾಗಾಣಿಕೆ ಎಲ್ಲಾ ಸೇರಿ ಒಂದಕ್ಕೆ 180 ಡಾಲರ್ ಹತ್ರ ಬಿದ್ದಿರಬೇಕು. ಮೂರು ತಿಂಗಳ ಕೋರ್ಸು, ಸರ್ಟಿಫಿಕೇಟು, ಫೋಟೋ, ಎಲ್ಲಾ ಆಯ್ತು. ಆಮೇಲೆ ಒಂದಿನ ಮಾರ್ಕೆಟ್ ಕಡೆ ಹೋದ್ರೆ ನಮ್ಮದೇ ನಂಬರ್ ಹಾಕಿದ ಮಿಷಿನ್ನು ಬಟ್ಟೆ ವ್ಯಾಪಾರಿ ಅಂಗಡಿ ಮುಂದೆ ಸಾಲಾಗಿ ಕೂತಿದಾವೆ! ಲೆಕ್ಕ ಹಾಕಿದ್ರೆ 15 ಮಾರಾಟ ಆಗಿದ್ವು. ಹುಡುಗ್ರನ್ನ ಬೈಯೋಕಾಗಲ್ಲ, ಅಷ್ಟು ಸಣ್ಣ ಪೇಟೆಗೆ ಎಷ್ಟು ಟೈಲರ್ ಬೇಕು ಹೇಳಿ, ಅದೂ ಬೇರೆ ಸಂಸ್ಥೆಯವ್ರೂ ಟೈಲರ್‌ಗಳನ್ನೇ ತಯಾರು ಮಾಡ್ತಿದ್ದಾಗ. ಗಂಡು ಹುಡುಗ್ರಿಗಂತೂ ಒಂದೇ ಆಸೆ, ಬೋಡಾ ಬೋಡಾ, ಅಂದ್ರೆ ಬಾಡಿಗೆಗೆ ಓಡಿಸೋ ಬೈಕು. ಬೈಕ್ ಕೊಟ್ರೆ ಸೀದಾ ಅವ್ರ ಹಳೇ ಪಡೆಯ ಕಮಾಂಡರ್ ಮನೆ ಸೇರತ್ತೆ ಅನ್ನೋದು ಈ ಕೆಲಸ ಮಾಡಿದೋರಿಗೆ ಗೊತ್ತೇ ಇದೆ. ಲೈಬೀರಿಯಾದಲ್ಲಿ ಮಕ್ಕಳ ಕೈಗೇ 300 ಡಾಲರ್ ನಗದು ಕೊಟ್ಟು ಏನಾಯ್ತು ಅಂತ ನಮ್ಮ ಹಳೆ ಬಾಸ್ ಒಬ್ರು ಕಣ್ಣಾರೆ ನೋಡಿದೋರು, ದಿನಾ ಹೇಳೋರು.

ಜೇನು ಹೊಳೆದಿದ್ದು ಬೇರೆ ಕಾರಣಕ್ಕೆ. ಸೆಂಟರ್‌ನಲ್ಲಿ ರಾತ್ರಿ ಎರಡಕ್ಕೆ ನಾನು ಎದ್ದು ಹೊರಗೆ ಬಂದ್ರೆ ಐದಾರು ಹುಡುಗ್ರು ಗೋಡೆಗೆ ಬೆನ್ನು ಕೊಟ್ಟು ಕೂತಿರೋರು. ಮಾತಿಲ್ಲ, ಬೀಡಿ ಇಲ್ಲ, ಸುಮ್ನೆ ಕತ್ತಲೆ ನೋಡ್ತಾ. ಪೊದೆಯಲ್ಲಿ ರಾತ್ರಿ ಕಾವಲು ಕಾದು ಕಾದು ನಿದ್ದೆನೇ ಬೇರೆ ಹೊತ್ತಿಗೆ ಹೋಗಿತ್ತು. ಹಗಲು ಹೊಲಿಗೆ ಕ್ಲಾಸಲ್ಲಿ ತೂಕಡಿಸೋರು, ಟೀಚರ್ ಸೋಮಾರಿ ಅಂತ ಬರೆಯೋದು. ನಂಗೆ ಅನ್ನಿಸ್ತು, ರಾತ್ರಿ ಎಚ್ಚರ ಇರ್ತಾರೆ, ಮರ ಹತ್ತುತಾರೆ, ಸದ್ದಿಲ್ಲದೆ ಇರೋಕೆ ಬರತ್ತೆ, ಹೇಳಿದ ಮಾತು ಕೇಳ್ತಾರೆ. ಇದಕ್ಕೆ ಸರಿಹೊಂದೋ ಕೆಲಸ ಯಾವ್ದು? ಜೇನು! ಅಲ್ಲಿನ ಹುಳ ಜಾತಿಯಲ್ಲಿ ಯುರೋಪಿನ ಪೆಟ್ಟಿಗೆ ಜೇನು ಮೆಲ್ಲಿಫೆರಾನೇ, ಆದ್ರೆ ಸ್ವಭಾವ ನಮ್ಮ ಹೆಜ್ಜೇನಿಂದು. ಹಗಲು ಪೆಟ್ಟಿಗೆ ತೆಗೆದ್ರೆ ಕಥೆ ಮುಗೀತು, ಸಂಜೆ ಕತ್ತಲಾದ ಮೇಲೇ ಮುಟ್ಟಬೇಕು.

40 ಜನ ತಗೊಂಡೆ, 20 ಬಿಡುಗಡೆ ಆದವ್ರು, 20 ಊರ ಮಕ್ಕಳು. ಇದನ್ನ ಬಿಡಬೇಡಿ, ಬರೀ ಅವ್ರಿಗೇ ಕೊಟ್ರೆ "ಹಾಗಾದ್ರೆ ನಮ್ ಮಗನ್ನೂ ಕಳಿಸಿದ್ರೆ ಸಿಗ್ತಿತ್ತೇನೋ" ಅಂತ ಊರವ್ರು ನೇರವಾಗೇ ಕೇಳ್ತಾರೆ. ಹುಡುಗಿಯರು ಒಂಬತ್ತು ಜನ. ಅದ್ರಲ್ಲಿ ಒಬ್ಬಳ ಹೆಸರು ಬಿಡುಗಡೆ ಪಟ್ಟಿಯಲ್ಲೇ ಇರಲಿಲ್ಲ. ಬಂದೂಕು ಹಿಡಿದಿಲ್ಲ, ಅಡುಗೆ ಮಾಡ್ಕೊಂಡು ನೀರು ಹೊತ್ಕೊಂಡಿದ್ಲು ಅಷ್ಟೇ ಅಂತ ಕಮಾಂಡರ್ ಕಡೆಯವ್ರು ಬಿಟ್ಟಿದ್ರು. ಸೈನಿಕ ಮಕ್ಕಳ ಬಗ್ಗೆ ದೇಶದೇಶಗಳು ಒಪ್ಪಿದ 2007ರ ಪ್ಯಾರಿಸ್ ತತ್ವಗಳ ಪ್ರಕಾರ ಅಡುಗೆಯವ್ಳೂ ಸೈನಿಕ ಮಗುನೇ, ಆದ್ರೆ ಪಟ್ಟಿ ಬರೆಯೋ ಟೇಬಲ್ ಹತ್ರ ಅದನ್ನ ಯಾರು ಓದ್ತಾರೆ. ನಾನು ಊರ ಮಕ್ಕಳ ಲೆಕ್ಕದಲ್ಲಿ ಸೇರಿಸ್ಕೊಂಡೆ.

ಮೊದಲ ವರ್ಷ ಪೂರ್ತಿ ಗೋವಿಂದ. ಶಿರಸಿ ಅಳತೆ ಪೆಟ್ಟಿಗೆ ಮಾಡ್ಸಿದ್ದೆ, ಜಂಬ. ಆ ಅಳತೆ ತುಡುವೆಗೆ, ಆ ಹುಳಕ್ಕಲ್ಲ, ಎರಿ (ಮೇಣದ ಹಲ್ಲೆ) ಅಡ್ಡಾದಿಡ್ಡಿ ಕಟ್ಟಿ ಒಂದಕ್ಕೊಂದು ಅಂಟಿಸಿಬಿಡ್ತು. ಆಮೇಲೆ ಕೀನ್ಯಾದವ್ರ ಟಾಪ್ ಬಾರ್ ಮಾದರಿಗೆ ಬಂದೆ, ಮೇಲೆ ಬರೀ ಮರದ ಪಟ್ಟಿ ಸಾಲು, ಹುಳ ಅದಕ್ಕೇ ಎರಿ ಇಳಿಬಿಡತ್ತೆ. ಪಟ್ಟಿ ಅಗಲ 32 ಎಂಎಂ, ಯುರೋಪಿನ ಹುಳದ 35 ಅಲ್ಲ, ಬಡಗಿ ಪಕ್ಕ ನಿಂತೇ ಕೊಯ್ಸಿ. ಮರಕ್ಕೆ ಖರ್ಚಿಲ್ಲ, ಪಕ್ಕದ ನ್ಜಾರಾ ಕಡೆ ಬ್ರಿಟಿಷರ ಕಾಲದ ಸಾಗವಾನಿ ಪ್ಲಾಂಟೇಶನ್ ಇದೆ, ಕೊಯ್ದು ಉಳಿದ ಚೂರು ಸಿಗತ್ತೆ. ನೆಲದ ಮೇಲೆ ಕಂಬ ನೆಟ್ಟಿಟ್ಟ 30 ಪೆಟ್ಟಿಗೆಗೆ ವರಲೆ, ಅದು ಉಳಿದ್ರೆ ಇರುವೆ ಸಾಲು, ಒಂದೇ ರಾತ್ರಿಲಿ ಕುಟುಂಬ ಖಾಲಿ. ಕೊನೆಗೆ ಗ್ರೀಸ್ ಹಚ್ಚಿದ ತಂತಿಲಿ ಮರಕ್ಕೆ ನೇತು ಹಾಕಿದ್ವಿ, ಗೂಡು ಕಿತ್ತು ತಿನ್ನೋ ಹನಿ ಬ್ಯಾಡ್ಜರ್ ಅನ್ನೋ ಪ್ರಾಣಿ ಕಾಟನೂ ತಪ್ಪಿತು. ಒಟ್ಟು 120 ಪೆಟ್ಟಿಗೆಲಿ ಮೊದಲ ಸಲ ಹುಳ ಕೂತಿದ್ದು 31ರಲ್ಲಿ, ಎರಡನೇ ವರ್ಷ 80 ದಾಟ್ತು. ಒಳಗೆ ಮೇಣದ ಜೊತೆ ಏನು ಉಜ್ಜಿದ್ದೆ ಅಂತ ಕೇಳ್ಬೇಡಿ, ಅಜ್ಜಿ ಹೇಳಿದ ಒಂದು ಸೊಪ್ಪು, ಅಲ್ಲೂ ಬೇಲಿ ಬದಿಗೆ ಬೆಳೆಯತ್ತೆ, ಅಷ್ಟು ಸಾಕು.

ಜೇನು ಕಚ್ಚದ ಹಾಗೆ ಹಾಕೋ ಸೂಟು ಹೊರಗಿಂದ ತರ್ಸಿದ್ರೆ ಆಗ ಒಂದಕ್ಕೆ 60 ಡಾಲರ್ ಮೇಲೆ, ಅದೂ ಯುಎನ್ ವಿಮಾನದಲ್ಲಿ ತಲೆಗೆ 20 ಕೆಜಿ ಲಗೇಜು. ಮಿಷಿನ್ ಮಾರದೆ ಉಳಿಸ್ಕೊಂಡಿದ್ದ ಆ ಒಂಬತ್ತು ಟೈಲರ್‌ಗಳನ್ನ ಕರೆದು ಹಿಟ್ಟಿನ ಬಟ್ಟೆ ಚೀಲ ಎರಡು ಪದರ ಸೇರ್ಸಿ ಹೊಲಿಸ್ದೆ, ಒಂದಕ್ಕೆ 9 ಡಾಲರ್ ಆಯ್ತು. ಎದೆ ಮೇಲೆ ಗೋಧಿ ತೆನೆ ಚಿತ್ರ ಹಾಕ್ಕೊಂಡು ಹುಡುಗ್ರು ಮರ ಹತ್ತೋದು ನೋಡ್ಬೇಕು ನೀವು.

ಹೊಗೆ ವಿಷ್ಯ ಒಂದು ಹೇಳ್ಬೇಕು. ಹೊಗೆತಿದಿಗೆ ಒಣ ಹುಲ್ಲು ತುಂಬಿ ಹಚ್ಚಿದ ಮೊದಲ ದಿನ ಒಬ್ಬ ಎದ್ದು ಹೋದ. ಹುಡುಕಿದ್ರೆ ರಸ್ತೆ ದಾಟಿ ಮಾವಿನ ಮರದಡಿ ಕೂತು ಎರಡೂ ಕೈಲಿ ಮಣ್ಣು ಹಿಡ್ಕೊಂಡಿದ್ದ. ಹುಲ್ಲಿನ ಮಾಡು ಸುಟ್ಟ ವಾಸನೆನೇ ಅದು. ನಂಗೆ ಹೊಳೀಲೇ ಇಲ್ಲ, ದಡ್ಡ ನಾನು. ಹುಲ್ಲು ಬಿಟ್ಟು ಒಣ ಸಗಣಿಗೆ ಬದಲಾಯಿಸ್ದೆ. ಅವ್ನು ಆಮೇಲೂ ಹೊಗೆ ಹತ್ರ ಬರ್ಲಿಲ್ಲ, ಎರಿ ಹಿಂಡಿ ಸೋಸಿ ಮೇಣ ಕಾಯಿಸೋ ಕೆಲಸ ಕೊಟ್ಟೆ, ಅದ್ರಲ್ಲಿ ಅವ್ನಷ್ಟು ಚೊಕ್ಕ ಯಾರೂ ಇಲ್ಲ.

ನಿಜವಾದ ತಿರುವು ಬಂದಿದ್ದು ಚರ್ಚಿಂದ. ಅದ್ರ ಮಾಡಿನಲ್ಲಿ ಜೇನು ದೊಡ್ಡ ಗೂಡು ಕಟ್ಟಿ ಭಾನುವಾರ ಇಬ್ರು ಮುದುಕಿಯರಿಗೆ ಕಚ್ಚಿತ್ತು. ಊರ ಚೀಫ್ ಬಂದು "ಉಸ್ತಾಜ್ (ಮೇಷ್ಟ್ರೇ), ನಿಮ್ಮ ಹುಡುಗ್ರು ಅದನ್ನ ತೆಗೀತಾರಾ?" ಅಂದ್ರು. ಅಲ್ಲಿವರೆಗೂ ಚೀಫ್ ಬಾಯಲ್ಲಿ ಈ ಹುಡುಗ್ರು 'ಕಾಡಿಂದ ಬಂದವ್ರು', ಆವತ್ತು 'ನಿಮ್ಮ ಹುಡುಗ್ರು' ಆದ್ರು. ರಾತ್ರಿ ನಾಲ್ಕು ಜನ ಹತ್ತಿ ಗೂಡಿಗೆ ಗೂಡೇ ಪೆಟ್ಟಿಗೆಗೆ ಇಳಿಸಿದ್ರು, ಮಾರನೇ ವಾರದಿಂದ ಮನೆ ಮನೆಯಿಂದ ಕರೆ. ಕೆಲವ್ರು ದುಡ್ಡು, ಕೆಲವ್ರು ಕೋಳಿ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು: ಚೆನ್ನಾಗಿರೋ ಪೆಟ್ಟಿಗೆಗೆ ವರ್ಷಕ್ಕೆ 10, 12 ಕೆಜಿ, ನಮಗೆ ಸಿಕ್ಕಿದ್ದು ಕೆಜಿಗೆ ಮೂರು ಡಾಲರ್ ಆಸುಪಾಸು. ಒಬ್ಬನಿಗೆ ಎರಡನೇ ವರ್ಷ ಖರ್ಚು ಕಳೆದು 70, 80 ಕೈಗೆ ಬಂತು. ಕಮ್ಮಿ ಅಂತೀರಾ? ಆದ್ರೆ ಮಿಷಿನ್ ಹಾಗೆ ಒಂದೇ ಸಲ ಮಾರೋಕಾಗಲ್ಲ ನೋಡಿ, ಮರದ ಮೇಲಿರೋ ಹುಳನ ಯಾವ ವ್ಯಾಪಾರಿ ಹೊತ್ಕೊಂಡು ಹೋಗ್ತಾನೆ! ನಮ್ಮ ಖರ್ಚು ತಲೆಗೆ 350 ದಾಟಲಿಲ್ಲ. ಪಾಲು ಕೇಳ್ಕೊಂಡು ಕಮಾಂಡರ್ ಕಡೆಯ ಒಬ್ಬ ಎರಡು ಸಲ ಬಂದಿದ್ದ, ಮೂರನೇ ಸಲ ಬರ್ಲಿಲ್ಲ. ಯಾಕೆ ಅನ್ನೋದು ಇಲ್ಲಿ ಬರೆಯೋ ವಿಷ್ಯ ಅಲ್ಲ.

ನಡುವೆ ಚಿಕ್ಕಿ ಪ್ರಯೋಗನೂ ಆಯ್ತು. ಶೇಂಗಾ ಅಗ್ಗ, ಜೇನು ನಮ್ದೇ, ಬೆಲ್ಲ ಮಾತ್ರ ಇಲ್ಲ. ಬರೀ ಜೇನಲ್ಲಿ ಪಾಕ ಹಿಡಿಯಲ್ಲ, ಸೆಕೆಗೆ ಕರಗಿ ಶೇಂಗಾ ಗೊಜ್ಜಾಯ್ತು, ಮಕ್ಕಳು ಚಮಚದಲ್ಲಿ ತಿಂದು ಮುಗಿಸಿದ್ರು. ಮೇಣದ ಬತ್ತಿ ಮಾತ್ರ ಗೆದ್ದಿತು, ಚರ್ಚಿನವ್ರು ಡಿಸೆಂಬರ್‌ಗೆ ಮುಂಗಡ ಕೊಟ್ಟು ಬುಕ್ ಮಾಡಿದ್ರು.

ಎಲ್ಲಾ ಗೆದ್ದೆ ಅಂತ ಹೇಳಲ್ಲ. ಆ 20ರಲ್ಲಿ ಮೂವರು ಮತ್ತೆ ಕಾಡಿಗೆ ಹೋದ್ರು, ಒಬ್ಬ ಕಾಂಗೋ ಕಡೆ ಹೋದ ಅಂತಾರೆ. ಹೊಲಿಗೆ ಬ್ಯಾಚಲ್ಲಿ ಎಷ್ಟು ಜನ ಹೋಗಿದ್ರು ಅಂತ ಯಾರೂ ಲೆಕ್ಕನೇ ಇಟ್ಟಿರಲಿಲ್ಲ, ಪ್ರಾಜೆಕ್ಟ್ ವರ್ಷಕ್ಕೇ ಮುಗೀತಲ್ಲ. ಹಣ ಕೊಡೋರದ್ದು ಹನ್ನೆರಡು ತಿಂಗಳ ಲೆಕ್ಕ, ಜೇನು ಕೂರೋದೇ ಎರಡನೇ ವರ್ಷ. ಎರಡನೇ ವರ್ಷಕ್ಕೆ ದುಡ್ಡು ತರೋಕೆ ನಾನು ಬರೆದ ಅರ್ಜಿ ಹನ್ನೊಂದು, ಸಿಕ್ಕಿದ್ದು ಒಂದು.

2020ರಲ್ಲಿ ಕೊರೊನಾ ಬಂದು ನಾನು ಶಿರಸಿಗೆ ವಾಪಸ್. ಪಟ್ಟಿಯಲ್ಲಿ ಹೆಸರಿಲ್ಲದ ಆ ಹುಡುಗಿ ಈಗ ಗುಂಪಿನ ಲೆಕ್ಕ ಬರೀತಾಳೆ, ನೆಟ್‌ವರ್ಕ್ ಸಿಕ್ಕಾಗ ವಾಟ್ಸಾಪಲ್ಲಿ ಪುಸ್ತಕದ ಫೋಟೋ ಕಳಿಸ್ತಾಳೆ. ಹೋದ ಸಲ ಮೇಣದ ಹುಳ ಬಿದ್ದು ಆರು ಪೆಟ್ಟಿಗೆ ಹಾಳಾಗಿವೆ ಅಂತ ಬರೆದಿದ್ಲು, ಮಾವಂಗೆ ತೋರಿಸ್ದೆ. ಅವ್ರು ಕನ್ನಡಕ ಹಾಕ್ಕೊಂಡು ಫೋಟೋ ದೊಡ್ದು ಮಾಡಿ ನೋಡಿ, "ಖಾಲಿ ಎರಿನ ಪೆಟ್ಟಿಗೆಲಿ ಬಿಡಬೇಡ ಅನ್ನು ಆ ಕೂಸಿಗೆ, ಎಷ್ಟ್ ಸಲ ಹೇಳೋದು" ಅಂತ ನನ್ನನ್ನೇ ಬೈದ್ರು.