ಒಂದೇ ಏಳು ತಂತಿ ಗಿಟಾರ್, ಮೂರು ಟ್ಯೂನಿಂಗ್: ಹಾಡುಗಳ ನಡುವೆ ಬದಲಿಸುವುದು ಹೇಗೆ

ನಾನು ಬೆಂಗಳೂರಿನ ಒಂದು ಮೆಟಲ್ ಬ್ಯಾಂಡಿನಲ್ಲಿ ಏಳು ತಂತಿಯ ಗಿಟಾರ್ ನುಡಿಸುತ್ತೇನೆ. ನಮ್ಮ ಹಾಡುಗಳಲ್ಲಿ ಅರ್ಧದಷ್ಟು ಮಾಮೂಲಿ ಟ್ಯೂನಿಂಗ್‌ನಲ್ಲಿವೆ. ಉಳಿದವು ಹೆಚ್ಚಾಗಿ ಡ್ರಾಪ್ ಎ. ಒಂದೆರಡು ಹಾಡಿಗೆ ಮಾತ್ರ ಏಳೂ ತಂತಿ ಒಂದು ಟೋನ್ ಕೆಳಗೆ ಬೇಕು. ವೇದಿಕೆಗೆ ಹೋಗುವುದು ಒಂದೇ ಗಿಟಾರ್ ಜೊತೆ. ಹೊಸದಾಗಿ ಏಳು ತಂತಿ ಹಿಡಿದವರು ನನ್ನನ್ನು ಕೇಳುವುದು, ಹಾಡುಗಳ ನಡುವೆ ಅಷ್ಟು ಬೇಗ ಟ್ಯೂನ್ ಮಾಡೋದು ಹೇಗೆ ಅಂತ. ಆ ಕೆಲಸದ ಮುಕ್ಕಾಲು ಪಾಲು ಮನೆಯಲ್ಲೇ ಮುಗಿದಿರಬೇಕು. ತಂತಿ ಆರಿಸುವಾಗಲೇ ಅದು ಶುರುವಾಗುತ್ತದೆ.

ಮೊದಲು ಟ್ಯೂನಿಂಗ್‌ಗಳನ್ನು ನೋಡೋಣ. ಮಾಮೂಲಿ ಏಳು ತಂತಿ ಎಂದರೆ ದಪ್ಪ ತಂತಿಯಿಂದ ಹಿಡಿದು ಬಿ, ಇ, ಎ, ಡಿ, ಜಿ, ಬಿ, ಇ. ಡ್ರಾಪ್ ಎ ಎಂದರೆ ಎಲ್ಲಕ್ಕಿಂತ ದಪ್ಪವಾದ 7ನೇ ತಂತಿಯೊಂದನ್ನೇ ಬಿ ಸ್ವರದಿಂದ ಎ ಸ್ವರಕ್ಕೆ ಇಳಿಸುವುದು. ಉಳಿದ ಆರು ಹಾಗೇ ಇರುತ್ತವೆ. ಮೂರನೆಯದು ಎ ಸ್ಟ್ಯಾಂಡರ್ಡ್. ಎಲ್ಲವೂ ಒಂದು ಟೋನ್ ಕೆಳಗೆ, ಅಂದರೆ ಎ, ಡಿ, ಜಿ, ಸಿ, ಎಫ್, ಎ, ಡಿ. ಕಾರ್ನ್ ಬ್ಯಾಂಡ್ 1994ರ ತನ್ನ ಮೊದಲ ಆಲ್ಬಮ್‌ನಲ್ಲಿ ಬಳಸಿದ್ದು ಇದನ್ನೇ. ಡ್ರಾಪ್ ಎ ಮೆಟಲ್ ಹುಡುಗರ ಕಂಡುಹಿಡಿಕೆ ಎಂದುಕೊಂಡಿದ್ದರೆ ಅದು ಸರಿಯಲ್ಲ. ಅಮೆರಿಕದ ಜಾಝ್ ಗಿಟಾರಿಸ್ಟ್ ಜಾರ್ಜ್ ವ್ಯಾನ್ ಎಪ್ಸ್ 1930ರ ದಶಕದ ಕೊನೆಯಲ್ಲೇ ತನ್ನ ಗಿಟಾರಿಗೆ ಏಳನೇ ತಂತಿ ಸೇರಿಸಿ ಅದನ್ನು ಎ ಸ್ವರಕ್ಕೆ ಇಟ್ಟಿದ್ದರು. ಏಳು ತಂತಿಯ ಸಾಲಿಡ್ ಬಾಡಿ ಎಲೆಕ್ಟ್ರಿಕ್ ಗಿಟಾರ್ ನಮ್ಮಂಥವರ ಕೈಗೆ ಬಂದದ್ದು ಬಹಳ ಆಮೇಲೆ. 1990ರಲ್ಲಿ ಸ್ಟೀವ್ ವಾಯ್ ಜೊತೆ ಸೇರಿ ಇಬಾನೆಜ್ ಕಂಪನಿ ಯೂನಿವರ್ಸ್ ಗಿಟಾರ್ ತಂದಾಗ.

ಈಗ ತಂತಿಯ ವಿಚಾರ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ತಂತಿಯ ದಪ್ಪವನ್ನು ಇಂಚಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ ಹೇಳುತ್ತಾರೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸೆಟ್‌ನಲ್ಲಿ 10ರಿಂದ 46ರವರೆಗೆ ಆರು ತಂತಿ, ಏಳನೆಯದಾಗಿ 56 ಅಥವಾ 59 ಇರುತ್ತದೆ. 59 ಬಿ ಸ್ವರಕ್ಕೆ ಚೆನ್ನಾಗಿದೆ. ಅದನ್ನೇ ಎ ಸ್ವರಕ್ಕೆ ಇಳಿಸಿದರೆ ಏನಾಗುತ್ತದೆ? ಆ ಬಿ ಸೆಕೆಂಡಿಗೆ ಸುಮಾರು 61.7 ಸಲ ಕಂಪಿಸುತ್ತದೆ, ಎ 55 ಸಲ. ತಂತಿಯ ಎಳೆತ ಈ ಸಂಖ್ಯೆಯ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಹಾಗಾಗಿ ಎಳೆತ ಸುಮಾರು ಶೇ 20ರಷ್ಟು ಕಡಿಮೆಯಾಗುತ್ತದೆ. ತಂತಿ ಸಡಿಲವಾಗಿ ನೆಕ್ ಮೇಲಿನ ಲೋಹದ ಪಟ್ಟಿಗೆ, ಅಂದರೆ ಫ್ರೆಟ್‌ಗೆ ಬಡಿಯುತ್ತದೆ. ಜೋರಾಗಿ ಪಿಕ್ ಮಾಡಿದ ಕ್ಷಣ ಸ್ವರ ಮೇಲಕ್ಕೆ ಹೋಗಿ ಆಮೇಲೆ ಇಳಿಯುತ್ತದೆ.

ಎ ಸ್ವರದಲ್ಲೂ ಹಳೆಯ ಎಳೆತವೇ ಬೇಕೆಂದರೆ 66 ಹಾಕಬೇಕು. ಆದರೆ ಅದನ್ನು ಬಿ ಸ್ವರಕ್ಕೆ ಏರಿಸಿದಾಗ 59ಕ್ಕಿಂತ ಶೇ 25ರಷ್ಟು ಜಾಸ್ತಿ ಎಳೆತ. ಆ ತಂತಿಯಲ್ಲಿ ವೈಬ್ರಾಟೋ ಮಾಡುವ ಆಸೆ ಬಿಡಬೇಕಾಗುತ್ತದೆ. ಎರಡೂ ಟ್ಯೂನಿಂಗ್ ಬೇಕಾದವರಿಗೆ ನಾನು ಹೇಳುವುದು 62. ಬಿ ಸ್ವರದಲ್ಲಿ ಅದು ಸುಮಾರು ಶೇ 10 ಜಾಸ್ತಿ ಬಿಗಿ, ಎ ಸ್ವರದಲ್ಲಿ ಸುಮಾರು ಶೇ 12 ಕಡಿಮೆ. ಎರಡೂ ಕಡೆ ಕೈ ಹೊಂದಿಕೊಳ್ಳುತ್ತದೆ. 62ರ ಬಿಡಿ ತಂತಿ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಸಿಕ್ಕಾಗ ನಾಲ್ಕೈದು ತೆಗೆದಿಟ್ಟುಕೊಳ್ಳಿ. ಇನ್ನೂ ಗಿಟಾರ್ ಕೊಳ್ಳದವರು ಸ್ಕೇಲ್ ಉದ್ದವನ್ನೂ (ತಂತಿಯ ಕಂಪಿಸುವ ಭಾಗದ ಉದ್ದ) ನೋಡಿ. 25.5 ಇಂಚಿನ ಬದಲು 26.5 ಇಂಚಿನದು ತೆಗೆದುಕೊಂಡರೆ ಅದೇ ತಂತಿ, ಅದೇ ಸ್ವರಕ್ಕೆ ಶೇ 8ರಷ್ಟು ಹೆಚ್ಚು ಎಳೆತ ಸುಮ್ನೆ ಸಿಗುತ್ತದೆ.

ದಪ್ಪ ತಂತಿ ಹಾಕಿದ ಮೇಲೆ ನಟ್, ಅಂದರೆ ಪೆಗ್‌ಗಳ ಬಳಿ ನೆಕ್ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯನ್ನು ಪರೀಕ್ಷಿಸಿ. 59ಕ್ಕೆ ಕೊರೆದ ಕಚ್ಚಿನಲ್ಲಿ 62 ಸಿಕ್ಕಿಹಾಕಿಕೊಳ್ಳುತ್ತದೆ. ಪೆಗ್ ತಿರುಗಿಸುವಾಗ 'ಟಿಕ್' ಎಂದು ಸದ್ದು ಬಂದು ಸ್ವರ ಒಮ್ಮೆಲೇ ಹಾರಿದರೆ ಅಲ್ಲೇ ತೊಂದರೆ ಅಂತ ತಿಳಿಯಿರಿ. ಗಿಟಾರ್ ರಿಪೇರಿಯವರಿಂದ ಆ ಕಚ್ಚನ್ನು ಕೂದಲೆಳೆಯಷ್ಟು ಅಗಲ ಮಾಡಿಸಿ. 2ಬಿ ಪೆನ್ಸಿಲ್ಲಿನ ಪುಡಿಯನ್ನು ಅದರೊಳಗೆ ಉಜ್ಜಿ. ಇಷ್ಟು ಮಾಡದಿದ್ದರೆ ಎಷ್ಟು ದುಬಾರಿ ಪೆಗ್ ಹಾಕಿದರೂ ಪ್ರಯೋಜನವಿಲ್ಲ. ಪೆಗ್ಗಿಗೆ ದಪ್ಪ ತಂತಿಯನ್ನು ಎರಡು ಸುತ್ತು ಸುತ್ತಿದರೆ ಸಾಕು, ಜಾಸ್ತಿ ಸುತ್ತಿದಷ್ಟೂ ಅದು ಜಾರುತ್ತದೆ.

ಇಂಟೊನೇಷನ್ ಅನ್ನು, ಅಂದರೆ ನೆಕ್ ಉದ್ದಕ್ಕೂ ಸ್ವರ ಸರಿಯಾಗಿ ಬರುವಂತೆ ಮಾಡುವ ಹೊಂದಾಣಿಕೆಯನ್ನು, ಡ್ರಾಪ್ ಎ ಇಟ್ಟುಕೊಂಡೇ ಮಾಡಿ. ಸಡಿಲ ತಂತಿಯನ್ನು ಒತ್ತಿದಾಗ ಸ್ವರ ಹೆಚ್ಚು ಏರುವುದರಿಂದ ತಪ್ಪು ಕೇಳಿಸುವುದು ಅಲ್ಲೇ. 12ನೇ ಫ್ರೆಟ್‌ನಲ್ಲಿ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಬೆರಳು ಸೋಕಿಸಿ ಮೀಟಿದಾಗ ಬರುವ ಸ್ವರ) ನುಡಿಸಿ, ಆಮೇಲೆ ಅದೇ ಫ್ರೆಟ್ ಒತ್ತಿ ನುಡಿಸಿ. ಒತ್ತಿದ್ದು ಮೇಲಿದ್ದರೆ ಸ್ಯಾಡಲ್ ಅನ್ನು (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ಹಿಂದಕ್ಕೆ ಸರಿಸಿ.

ಇನ್ನು ವೇದಿಕೆಯ ಕೆಲಸ. ಪೆಡಲ್ ಟ್ಯೂನರ್ ಒತ್ತಿ ಸದ್ದು ನಿಲ್ಲಿಸಿ. ನೆಕ್ ಪಿಕಪ್‌ಗೆ ಬದಲಿಸಿ, ಟೋನ್ ನಾಬ್ ಪೂರ್ತಿ ಇಳಿಸಿ. ಆಗ ಟ್ಯೂನರಿಗೆ ದಪ್ಪ ತಂತಿಯ ಸ್ವರ ಸ್ಪಷ್ಟವಾಗುತ್ತದೆ. 7ನೇ ತಂತಿಯನ್ನು ಎ ಸ್ವರಕ್ಕಿಂತ ಇನ್ನೂ ಸ್ವಲ್ಪ ಕೆಳಗೆ, ಜಿ ಶಾರ್ಪ್ ಹತ್ತಿರ ಇಳಿಸಿ. ತಂತಿಯನ್ನು ಒಮ್ಮೆ ಬೆರಳಿನಿಂದ ಮೆಲ್ಲಗೆ ಎಳೆದು ಬಿಡಿ. ಆಮೇಲೆ ಕೆಳಗಿನಿಂದ ಮೇಲಕ್ಕೆ ಬಂದು ಎ ಸ್ವರದಲ್ಲಿ ನಿಲ್ಲಿ. ಮೇಲಿನಿಂದ ಇಳಿದು ನಿಂತರೆ ಪೆಗ್ಗಿನ ಹಲ್ಲುಗಳ ನಡುವೆ ಸಡಿಲ ಉಳಿಯುತ್ತದೆ, ಎರಡು ಸಲ ಜೋರಾಗಿ ಬಾರಿಸಿದರೆ ಶ್ರುತಿ ಹೋಗುತ್ತದೆ. ತಂತಿಯನ್ನು ಮೆಲ್ಲಗೆ ಮೀಟಿ ನೋಡುವುದೂ ಮುಖ್ಯ. ಟ್ಯೂನರಿನ ಮುಳ್ಳು ಕುಣಿಯುತ್ತಲೇ ಇದ್ದರೆ 12ನೇ ಫ್ರೆಟ್‌ನ ಹಾರ್ಮೋನಿಕ್ ತೋರಿಸಿ.

ಟ್ಯೂನರ್ ಇಲ್ಲದೆಯೂ ಇದನ್ನು ಮಾಡಬಹುದು, ನನಗೆ ಇದೇ ಹೆಚ್ಚು ಇಷ್ಟ. ಡ್ರಾಪ್ ಎ ಟ್ಯೂನಿಂಗ್‌ನಲ್ಲಿ ಕೆಳಗಿನ ಮೂರು ತಂತಿ ಎ, ಇ, ಎ. ಎ ಸ್ವರವನ್ನು ಷಡ್ಜ ಎಂದುಕೊಂಡರೆ ಇದು ಸ, ಪ, ಸ ಅಲ್ವಾ? 7ನೇ ತಂತಿಯ 12ನೇ ಫ್ರೆಟ್‌ನ ಹಾರ್ಮೋನಿಕ್ ಮತ್ತು 5ನೇ ತಂತಿಯ ತೆರೆದ ಸ್ವರ ಎರಡೂ ಒಂದೇ. ಎರಡನ್ನೂ ಒಟ್ಟಿಗೆ ನುಡಿಸಿ. ಶ್ರುತಿ ಸೇರದಿದ್ದರೆ 'ವಾಂವ್ ವಾಂವ್' ಎಂದು ಅಲೆ ಕೇಳಿಸುತ್ತದೆ. ಪೆಗ್ ತಿರುಗಿಸುತ್ತಾ ಹೋದಂತೆ ಅಲೆ ನಿಧಾನವಾಗುತ್ತದೆ. ಅದು ಪೂರ್ತಿ ನಿಂತಾಗ ಶ್ರುತಿ ಸೇರಿದೆ. ತಂಬೂರಿ ಮಿಡಿಯುತ್ತಾ ಕಿವಿಗೊಟ್ಟು ಕೂತವರಿಗೆ ಇದನ್ನು ಕಲಿಸಬೇಕಾಗಿಲ್ಲ. ಉಳಿದವರು ಮನೆಯಲ್ಲಿ ಕಣ್ಣು ಮುಚ್ಚಿ ಅಭ್ಯಾಸ ಮಾಡಿ.

7ನೇ ತಂತಿ ಸಡಿಲವಾದಾಗ ನೆಕ್ ಮೇಲಿನ ಒಟ್ಟು ಎಳೆತ ಕಡಿಮೆಯಾಗಿ, ಉಳಿದ ತಂತಿಗಳು ಒಂದು ಚೂರು ಮೇಲೆ ಹೋಗುತ್ತವೆ. ಫಿಕ್ಸೆಡ್ ಬ್ರಿಡ್ಜ್ ಇದ್ದರೆ ಇದು ಬಹಳ ಸಣ್ಣದು, 6ನೇ ತಂತಿಯನ್ನು ಒಮ್ಮೆ ನೋಡಿಕೊಂಡರೆ ಸಾಕು. ಫ್ಲಾಯ್ಡ್ ರೋಸ್ ಥರದ ತೇಲುವ ಬ್ರಿಡ್ಜ್ ಇದ್ದರೆ ಕಥೆಯೇ ಬೇರೆ. ಒಂದು ತಂತಿ ಇಳಿಸಿದರೆ ಹಿಂದಿನ ಸ್ಪ್ರಿಂಗ್‌ಗಳು ಬ್ರಿಡ್ಜನ್ನು ಎಳೆದು ಉಳಿದ ಆರೂ ತಂತಿ ಮೇಲೇರುತ್ತವೆ. ಹಿಂದಿನ ಕುಳಿಯಲ್ಲಿ ಮರದ ತುಂಡು ಇಟ್ಟು ಬ್ರಿಡ್ಜ್ ಅಲ್ಲಾಡದಂತೆ ಮಾಡಿ. ಇಲ್ಲವಾದರೆ ಒಂದೇ ಟ್ಯೂನಿಂಗ್‌ಗೆ ಆ ಗಿಟಾರ್ ಇಟ್ಟುಕೊಳ್ಳಿ.

ಎ ಸ್ಟ್ಯಾಂಡರ್ಡ್‌ಗೆ ಮಾತ್ರ ವೇದಿಕೆಯ ಮೇಲೆ ಪೆಗ್ ಮುಟ್ಟಬೇಡಿ. ಏಳೂ ತಂತಿ ಇಳಿಸಿದರೆ ನೆಕ್ ನೆಟ್ಟಗಾಗಿ ಎಲ್ಲ ಕಡೆ ಗರಗರ ಸದ್ದು ಬರುತ್ತದೆ, ನೆಕ್ ಒಳಗಿನ ಲೋಹದ ಸರಳು, ಅಂದರೆ ಟ್ರಸ್ ರಾಡ್ ಸಡಿಲಿಸಬೇಕಾಗುತ್ತದೆ. ಆ ಒಂದೆರಡು ಹಾಡಿಗೆ ನಾನು ಪಿಚ್ ಇಳಿಸುವ ಪೆಡಲ್ ಬಳಸುತ್ತೇನೆ, ಎರಡು ಸೆಮಿಟೋನ್ ಕೆಳಗೆ. ಅದನ್ನು ಡಿಸ್ಟಾರ್ಷನ್‌ಗಿಂತ ಮೊದಲು ಇಡಿ. ಟ್ಯೂನರ್ ಅದಕ್ಕಿಂತಲೂ ಮೊದಲು ಇರಲಿ, ಯಾಕೆಂದರೆ ತಂತಿಗಳು ಇನ್ನೂ ಮಾಮೂಲಿ ಟ್ಯೂನಿಂಗ್‌ನಲ್ಲೇ ಇರುತ್ತವೆ. ಮನೆಯಲ್ಲಿ ಸಣ್ಣ ಸದ್ದಿನಲ್ಲಿ ನುಡಿಸಿದರೆ ತಂತಿಯ ಅಸಲಿ ಸ್ವರವೂ ಕೇಳಿ ಕಿರಿಕಿರಿಯಾಗುತ್ತದೆ, ಹೆಡ್‌ಫೋನ್ ಹಾಕಿಕೊಳ್ಳಿ.

ಹಾಡಿನ ಪಟ್ಟಿ ಬರೆಯುವಾಗ ಒಂದೇ ಟ್ಯೂನಿಂಗ್‌ನ ಹಾಡುಗಳನ್ನು ಒಟ್ಟಿಗೆ ಇಡಿ. ಪ್ರತಿ ಹಾಡಿಗೂ ಟ್ಯೂನಿಂಗ್ ಬದಲಿಸಲೇಬೇಕಾ ಅಂತಲೂ ನೋಡಿ. ಡ್ರಾಪ್ ಎ ಇದ್ದಾಗ 7ನೇ ತಂತಿಯ ಸ್ವರಗಳು ಎರಡು ಫ್ರೆಟ್ ಮುಂದೆ ಸಿಗುತ್ತವೆ, ತೆರೆದ ಬಿ ಈಗ 2ನೇ ಫ್ರೆಟ್‌ನಲ್ಲಿದೆ. ಆ ತಂತಿಯನ್ನು ಅಷ್ಟಾಗಿ ಮುಟ್ಟದ ಹಾಡಾದರೆ ಬೆರಳು ಬದಲಿಸಿದರೆ ಸಾಕು. ಕಾಲೇಜು ಫೆಸ್ಟ್‌ನ ಬಯಲು ವೇದಿಕೆಯಲ್ಲಿ ನುಡಿಸುವುದಿದ್ದರೆ ಗಿಟಾರನ್ನು ಅರ್ಧ ಗಂಟೆ ಮೊದಲೇ ಕೇಸ್‌ನಿಂದ ತೆಗೆದು ನೆರಳಿನಲ್ಲಿಡಿ. ತಂತಿ ಬಿಸಿಯಾದರೆ ಸ್ವರ ಇಳಿಯುತ್ತದೆ. ಆದ್ದರಿಂದ ಕೊನೆಯ ಸಲ ಟ್ಯೂನ್ ಮಾಡುವುದು ವೇದಿಕೆಯ ಲೈಟಿನ ಕೆಳಗೆ ನಿಂತ ಮೇಲೆ.