ಹಸಿರು ಹೈಡ್ರೋಜನ್ ಮತ್ತು ಪರಿಸರ ನಿಯಮ: ಸಂಸತ್ತಿನಲ್ಲಿ ಪ್ರಶ್ನೆ ಕೇಳಿಸುವ ಬಗೆ

ಹಸಿರು ಹೈಡ್ರೋಜನ್ (ನವೀಕರಿಸಬಹುದಾದ ವಿದ್ಯುತ್ತಿನಿಂದ ನೀರನ್ನು ವಿಭಜಿಸಿ ಪಡೆಯುವ ಇಂಧನ) ಘಟಕಗಳ ಪರಿಸರ ನಿಯಮಗಳ ಬಗ್ಗೆ ಸಂಸತ್ತಿನಲ್ಲಿ ಪ್ರಶ್ನೆ ಎತ್ತಿಸಬೇಕೆನ್ನುವ ಹುಬ್ಬಳ್ಳಿ-ಧಾರವಾಡದವರು, ಯಾರ ಮೂಲಕ ಕೇಳಿಸಬೇಕೆಂಬುದನ್ನು ಮೊದಲು ನಿರ್ಧರಿಸಬೇಕು. ಧಾರವಾಡ ಕ್ಷೇತ್ರದ ಸಂಸದರಾದ ಪ್ರಲ್ಹಾದ ಜೋಶಿಯವರು 2024ರ ಜೂನ್‌ನಲ್ಲಿ ನವ ಮತ್ತು ನವೀಕರಿಸಬಹುದಾದ ಇಂಧನ ಸಚಿವರಾದರು. ಈ ಇಂಧನದ ಉತ್ಪಾದನೆ ಹೆಚ್ಚಿಸುವ ಕೇಂದ್ರದ ಯೋಜನೆಯಾದ ಹೈಡ್ರೋಜನ್ ಮಿಷನ್ ಆ ಸಚಿವಾಲಯದ್ದೇ. ಸಚಿವರಾದವರು ಸದನದಲ್ಲಿ ಉತ್ತರ ಕೊಡುತ್ತಾರೆಯೇ ಹೊರತು ಪ್ರಶ್ನೆ ಕೇಳುವುದಿಲ್ಲ, ಸಚಿವಾಲಯಗಳ ಕೆಲಸವನ್ನು ಪರಿಶೀಲಿಸುವ ಸಂಸತ್ತಿನ ಇಲಾಖಾವಾರು ಸ್ಥಾಯಿ ಸಮಿತಿಗಳ ಸದಸ್ಯರೂ ಆಗುವುದಿಲ್ಲ. ಆದ್ದರಿಂದ ಈ ಕ್ಷೇತ್ರದವರು, ಹಾವೇರಿ ಜಿಲ್ಲೆಯಲ್ಲಿದ್ದರೂ ಧಾರವಾಡ ಕ್ಷೇತ್ರಕ್ಕೆ ಸೇರಿದ ಶಿಗ್ಗಾಂವಿಯವರೂ ಸಹ, ಕರ್ನಾಟಕದ 12 ರಾಜ್ಯಸಭಾ ಸ್ಥಾನಗಳ ಸದಸ್ಯರಲ್ಲಿ ಸಚಿವರಲ್ಲದ ಒಬ್ಬರಿಗೆ ಅಥವಾ ನೆರೆಯ ಕ್ಷೇತ್ರದ ಸಂಸದರಿಗೆ ಬರೆಯುವುದು ಸೂಕ್ತ. ಗದಗ, ರೋಣ, ಶಿರಹಟ್ಟಿಯವರಿಗೆ ಹಾವೇರಿಯ ಸಂಸದರಿದ್ದಾರೆ. ನರಗುಂದ ಮಾತ್ರ ಬಾಗಲಕೋಟೆ ಕ್ಷೇತ್ರದಲ್ಲಿದೆ.

ಪ್ರಶ್ನೆ ಯಾವ ಸಚಿವಾಲಯಕ್ಕೆ ಎಂಬುದರಲ್ಲಿ ಗೊಂದಲವಿರಬಾರದು. ಉತ್ಪಾದನೆ ಮತ್ತು ಪ್ರೋತ್ಸಾಹಧನ ನವೀಕರಿಸಬಹುದಾದ ಇಂಧನ ಸಚಿವಾಲಯದ್ದು, ಪರಿಸರ ಅನುಮತಿ ಪರಿಸರ ಸಚಿವಾಲಯದ್ದು. ಸ್ಥಳೀಯ ನೀರಿನ ಹಂಚಿಕೆ ರಾಜ್ಯದ ವಿಷಯವಾದ್ದರಿಂದ ಅದನ್ನು ಶಾಸಕರ ಮೂಲಕ ವಿಧಾನಸಭೆಯಲ್ಲಿ ಕೇಳಿಸಬೇಕು; ಬೆಳಗಾವಿ ಅಧಿವೇಶನ ನಮಗೆ ಹತ್ತಿರವೂ ಹೌದು.

ಹೆಚ್ಚು ಶ್ರಮ ಬೇಡುವುದು ಪ್ರಶ್ನೆಯ ರಚನೆ. ‘ಹೈಡ್ರೋಜನ್‌ನಿಂದ ಪರಿಸರಕ್ಕೆ ಹಾನಿಯಿದೆಯೇ’ ಎಂದು ಕೇಳಿದರೆ, ಎಲ್ಲ ಮುನ್ನೆಚ್ಚರಿಕೆ ವಹಿಸಲಾಗಿದೆ ಎಂಬ ಉತ್ತರ ಬಂದು ವಿಷಯ ಅಲ್ಲಿಗೇ ನಿಲ್ಲುತ್ತದೆ. ಅಂಕಿಯಿಂದ ಹೊರಡಬೇಕು. 2023ರ ಜನವರಿ 4ರಂದು 19,744 ಕೋಟಿ ರೂಪಾಯಿ ವೆಚ್ಚದಲ್ಲಿ ಒಪ್ಪಿಗೆ ಪಡೆದ ಮಿಷನ್, 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ ಉತ್ಪಾದನಾ ಸಾಮರ್ಥ್ಯದ ಗುರಿ ಇಟ್ಟುಕೊಂಡಿದೆ. ನೀರನ್ನು ವಿಭಜಿಸಿ ಒಂದು ಕಿಲೋ ಹೈಡ್ರೋಜನ್ ಪಡೆಯಲು ರಾಸಾಯನಿಕ ಲೆಕ್ಕದಲ್ಲೇ ಸುಮಾರು 9 ಲೀಟರ್ ಶುದ್ಧ ನೀರು ಬೇಕು. ಶುದ್ಧೀಕರಣಕ್ಕೂ ತಂಪುಗೊಳಿಸಲೂ ಬೇಕಾಗುವುದು ಬೇರೆ. ಅಂದರೆ ಆ ಗುರಿ ಮುಟ್ಟಲು ದೇಶಕ್ಕೆಲ್ಲ ಸೇರಿ ವರ್ಷಕ್ಕೆ ಕನಿಷ್ಠ 1.6 ಟಿಎಂಸಿ. ಮಲಪ್ರಭೆಗೆ ಕಳಸಾ-ಬಂಡೂರಿಯ 3.9 ಟಿಎಂಸಿಗಾಗಿ ವರ್ಷಗಟ್ಟಲೆ ಹೋರಾಡಿದ ನಮಗೆ ಈ ಮೊತ್ತ ದೊಡ್ಡದೆನಿಸಲಾರದು. ನನ್ನ ಅಭಿಪ್ರಾಯದಲ್ಲಿ ಕೇಳಬೇಕಾದದ್ದು ಮೊತ್ತವನ್ನಲ್ಲ, ಆ ನೀರನ್ನು ಯಾವ ನದಿಯಿಂದ ಎತ್ತುತ್ತಾರೆ ಎಂಬುದನ್ನು. 2023ರ ಜುಲೈನಲ್ಲಿ ಪರಿಸರ ಸಚಿವಾಲಯವು ಹಸಿರು ಹೈಡ್ರೋಜನ್ ಘಟಕಗಳಿಗೆ ಪೂರ್ವ ಪರಿಸರ ಅನುಮತಿಯಿಂದ ವಿನಾಯಿತಿ ನೀಡಿರುವುದರಿಂದ, ಆ ಅನುಮತಿಯ ಭಾಗವಾದ ಸಾರ್ವಜನಿಕ ಅಹವಾಲು ಸಭೆಯೂ ಇಲ್ಲವಾಗುತ್ತದೆ. ಹಾಗಾಗಿ ವಿನಾಯಿತಿ ಪಡೆದ ಘಟಕಗಳೆಷ್ಟು, ಅವುಗಳ ಜಲಮೂಲ ಯಾವುದು, ಸ್ಥಳೀಯರ ಆಕ್ಷೇಪಣೆಯನ್ನು ಯಾರು ಆಲಿಸುತ್ತಾರೆ ಎಂದು ಬಿಡಿಬಿಡಿಯಾಗಿ ಕೇಳಿಸಿರಿ.

ಲೋಕಸಭೆಯ ಪ್ರಶ್ನೆ ಸಾಮಾನ್ಯವಾಗಿ 150 ಪದ ಮೀರಬಾರದು ಮತ್ತು ಸೂಚನೆಯನ್ನು ಕನಿಷ್ಠ 15 ದಿನ ಮೊದಲು ಕೊಡಬೇಕು. ಸಚಿವರು ಸದನದಲ್ಲಿ ಮೌಖಿಕವಾಗಿ ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆಗಳು ದಿನಕ್ಕೆ 20ಕ್ಕಷ್ಟೇ ಅವಕಾಶವಿದ್ದು, ಅವುಗಳಲ್ಲಿಯೂ ಮೌಖಿಕ ಉತ್ತರದ ಸರದಿ ಬರುವುದು ಕೆಲವಕ್ಕೆ ಮಾತ್ರ. ಅಂಕಿಅಂಶ ಬೇಕಾದಾಗ ದಿನಕ್ಕೆ 230ರವರೆಗೆ ಅವಕಾಶವಿರುವ, ಲಿಖಿತ ಉತ್ತರ ಸಿಗುವ ಚುಕ್ಕೆರಹಿತ ಪ್ರಶ್ನೆಯೇ ಮೇಲು. ಲೋಕಸಭೆಗೆ ಅರ್ಜಿಯನ್ನೇ ಸಲ್ಲಿಸುವುದಾದರೆ, ಕನ್ನಡ ಪ್ರತಿಯ ಜೊತೆ ಅರ್ಜಿದಾರರು ಸಹಿ ಮಾಡಿದ ಹಿಂದಿ ಅಥವಾ ಇಂಗ್ಲಿಷ್ ಅನುವಾದವನ್ನು ಲಗತ್ತಿಸಬೇಕು.

ಉತ್ತರಗಳು ಸಂಸತ್ತಿನ ಜಾಲತಾಣದಲ್ಲಿ ದೊರೆಯುತ್ತವೆ. ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂದಷ್ಟೇ ಇದ್ದರೆ ನಿರಾಶರಾಗಬೇಕಿಲ್ಲ. ಅಂಥ ಮಾತು ಸದನಕ್ಕೆ ಕೊಟ್ಟ ಭರವಸೆಯೆಂದು ಪರಿಗಣಿತವಾಗುತ್ತದೆ ಮತ್ತು ಅದನ್ನು ಮೂರು ತಿಂಗಳೊಳಗೆ ಈಡೇರಿಸಬೇಕು. ಪ್ರಶ್ನೆಯ ಸಂಖ್ಯೆ, ದಿನಾಂಕಗಳನ್ನು ಬರೆದಿಟ್ಟುಕೊಂಡು, ಅವಧಿ ಮೀರಿದ ಕೂಡಲೇ ಸರ್ಕಾರಿ ಭರವಸೆಗಳ ಸಮಿತಿಗೆ ಪತ್ರ ಬರೆಯುವಂತೆ ಅದೇ ಸಂಸದರನ್ನು ಕೋರಬೇಕು.